ಬಸ್ಸಿನ ಮುಂದಿನ ಬ್ರೇಕು ನಮಗೂ ಗೊತ್ತಾಗಲಿ: ಎರಡು ಸ್ಕೂಟರ್ ನಡುವೆ ರೇಡಿಯೋ ಸಂದೇಶ ಹರಿಸುವುದು ಹೇಗೆ

ಬಸ್ಸಿನ ಹಿಂದೆ ಸ್ಕೂಟರ್ ಓಡಿಸುವವರಿಗೆ ಬಸ್ಸಿನ ಮುಂದೆ ಏನಾಗುತ್ತಿದೆ ಅನ್ನೋದು ಕಾಣುವುದಿಲ್ಲ. ಮುಂದಿನ ಕಾರು ಸಡನ್ ಬ್ರೇಕ್ ಹೊಡೆದರೆ ಅದನ್ನು ಮೊದಲು ಬಸ್ಸಿನ ಡ್ರೈವರ್ ನೋಡಬೇಕು. ಅವರು ಬ್ರೇಕ್ ತುಳಿಯಬೇಕು. ಬಸ್ಸಿನ ಹಿಂದಿನ ಕೆಂಪು ದೀಪ ಹತ್ತಬೇಕು. ಆಮೇಲೆ ನಮ್ಮ ಕೈ ಲಿವರಿಗೆ ಹೋಗಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗಿಬಿಟ್ಟಿರುತ್ತೇವೆ. ದೀಪ ಹತ್ತದ ಬಸ್ಸಾದರೆ ಆ ಎಚ್ಚರಿಕೆಯೂ ಇಲ್ಲ.

ಆ ಮುಂದಿನ ಕಾರೇ ರೇಡಿಯೋದಲ್ಲಿ ‘ನಾನು ಜೋರಾಗಿ ಬ್ರೇಕ್ ಹಾಕಿದ್ದೇನೆ’ ಎಂದು ಸುತ್ತಲಿನವರಿಗೆಲ್ಲ ಕೂಗಿ ಹೇಳಿದರೆ? ವಾಹನದಿಂದ ವಾಹನಕ್ಕೆ ಸಂಪರ್ಕ, ಅಂದರೆ ವಿಟುವಿ ಎಂದು ಕರೆಯುವುದು ಇದನ್ನೇ. ಬ್ರೇಕಿನ ಈ ಒಂದು ಉಪಯೋಗಕ್ಕೆ ‘ಎಮರ್ಜೆನ್ಸಿ ಎಲೆಕ್ಟ್ರಾನಿಕ್ ಬ್ರೇಕ್ ಲೈಟ್’ ಎಂಬ ಹೆಸರೂ ಇದೆ. ನಾನು ಎಂಜಿನಿಯರಿಂಗ್ ಕಾಲೇಜೊಂದರ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್. ಕೊನೆ ವರ್ಷದ ಹುಡುಗ ಹುಡುಗಿಯರು ಪ್ರಾಜೆಕ್ಟ್ ಕೇಳಿಕೊಂಡು ಬಂದಾಗ ನಾನು ತುಂಬ ಇಷ್ಟಪಟ್ಟು ಕೊಡುವ ವಿಷಯ ಇದು. ಸಾಮಾನು ಸುಲಭವಾಗಿ ಸಿಗುತ್ತದೆ, ಖರ್ಚು ಕಡಿಮೆ, ಕಲಿಯುವುದು ಬಹಳ.

ಶುರುವಿನಲ್ಲೇ ಒಂದು ಮಾತು. ಸಂದೇಶ ಕಳಿಸುವುದು ಒಂದು ಮಧ್ಯಾಹ್ನದ ಕೆಲಸ. ಬಂದ ಸಂದೇಶಗಳಲ್ಲಿ ಯಾವುದಕ್ಕೆ ಸುಮ್ಮನಿರಬೇಕು ಎಂದು ಗಾಡಿಗೆ ಕಟ್ಟುವ ರೇಡಿಯೋ ಡಬ್ಬಿಗೆ ಕಲಿಸುವುದಕ್ಕೆ ತಿಂಗಳು ಹಿಡಿಯುತ್ತದೆ. ಪಕ್ಕದ ಸರ್ವಿಸ್ ರೋಡಿನಲ್ಲಿ ಯಾರೋ ಬ್ರೇಕ್ ಹಾಕಿದ್ದಕ್ಕೆ ನಿಮ್ಮ ಹ್ಯಾಂಡಲ್ ಮೇಲೆ ಬಜರ್ ಕಿರುಚಿದರೆ, ಎರಡೇ ದಿನಕ್ಕೆ ಅದರ ವೈರ್ ಕಿತ್ತು ಹಾಕುತ್ತೀರಿ. ಹಾಗಾಗಿ ಈ ಬರಹದ ಒಂದು ದೊಡ್ಡ ಭಾಗ ಸುಮ್ಮನಿರುವುದರ ಬಗ್ಗೆಯೇ ಇದೆ.

ಯಾವ ರೇಡಿಯೋ?

ಜಗತ್ತಿನಲ್ಲಿ ಇದಕ್ಕೆ ಎರಡು ಮನೆತನಗಳಿವೆ. ಒಂದು ವೈಫೈ ಕಡೆಯದು. 802.11ಪಿ ಅಂತ ಹೆಸರು, 2010ರಲ್ಲಿ ಒಪ್ಪಿಗೆ ಸಿಕ್ಕಿದ್ದು, 5.9 ಗಿಗಾಹರ್ಟ್ಸ್‌ನಲ್ಲಿ 10 ಮೆಗಾಹರ್ಟ್ಸ್ ಅಗಲದ ಚಾನೆಲ್ ಬಳಸುತ್ತದೆ. ಇನ್ನೊಂದು ಮೊಬೈಲ್ ಫೋನ್ ಕಡೆಯ ಸಿ-ವಿಟುಎಕ್ಸ್. ಅಮೆರಿಕದಲ್ಲಿ 1999ರಲ್ಲೇ 75 ಮೆಗಾಹರ್ಟ್ಸ್ ಜಾಗವನ್ನು ವಾಹನಗಳಿಗೆ ಮೀಸಲಿಟ್ಟಿದ್ದರು. 2020ರಲ್ಲಿ ಅದನ್ನು 30ಕ್ಕೆ ಇಳಿಸಿ, ಅದೂ ಸಿ-ವಿಟುಎಕ್ಸ್‌ಗೆ ಎಂದು ತೀರ್ಮಾನಿಸಿದರು. ಯುರೋಪಿನಲ್ಲಿ ಫೋಕ್ಸ್‌ವ್ಯಾಗನ್ ತನ್ನ ಎಂಟನೇ ತಲೆಮಾರಿನ ಗಾಲ್ಫ್ ಕಾರಿಗೆ ವೈಫೈ ಕಡೆಯದನ್ನೇ ಹಾಕಿತು. ಜಪಾನಿನಲ್ಲಿ ಟೊಯೋಟಾ 2015ರಿಂದ 760 ಮೆಗಾಹರ್ಟ್ಸ್‌ನಲ್ಲಿ ತನ್ನದೇ ದಾರಿ ಹಿಡಿದಿದೆ.

ನಮ್ಮ ಪ್ರಾಜೆಕ್ಟಿಗೆ ಇವೆರಡೂ ಬೇಡ. ಕೆಲವು ಹಳೆಯ ಅಥೆರಾಸ್ ವೈಫೈ ಕಾರ್ಡುಗಳನ್ನು ಲಿನಕ್ಸ್‌ನಲ್ಲಿ ತಿದ್ದಿ 5.9ಕ್ಕೆ ಏರಿಸುವ ವಿಧಾನಗಳು ಸಿಗುತ್ತವೆ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಗಾಳಿಗೆ ಬಿಡಬೇಡಿ. ಪರವಾನಗಿ ಬೇಡದ 2.4 ಗಿಗಾಹರ್ಟ್ಸ್ ಇದೆ, ವೈಫೈ ರೇಡಿಯೋ ಒಳಗೇ ಇರುವ ಇಎಸ್‌ಪಿ32 ಎಂಬ ಸಣ್ಣ ಕಂಪ್ಯೂಟರ್ ಬೋರ್ಡ್ ಇದೆ, ಅದರೊಳಗೆ ಇಎಸ್‌ಪಿ-ನೌ ಎಂಬ ಪದ್ಧತಿ ಇದೆ. ನಮಗೆ ಅಷ್ಟು ಸಾಕು.

ಬ್ಲೂಟೂತ್ ಯಾಕಲ್ಲ, ಮೊಬೈಲ್ ಹಾಟ್‌ಸ್ಪಾಟ್ ಯಾಕಲ್ಲ ಎಂದು ಪ್ರತಿ ವರ್ಷವೂ ಯಾರಾದರೂ ಕೇಳುತ್ತಾರೆ. ಅವುಗಳಲ್ಲಿ ಮೊದಲು ಪರಿಚಯ ಆಗಬೇಕು, ಆಮೇಲೆ ಮಾತು. ರಸ್ತೆಯಲ್ಲಿ ಪರಿಚಯಕ್ಕೆ ಸಮಯವಿಲ್ಲ. ಎದುರುಬದುರಾಗಿ 60ರಲ್ಲಿ ಬರುವ ಎರಡು ಗಾಡಿಗಳು ಸೆಕೆಂಡಿಗೆ 33 ಮೀಟರ್‌ನಂತೆ ಹತ್ತಿರವಾಗುತ್ತವೆ. ರೇಡಿಯೋ 150 ಮೀಟರ್ ಮುಟ್ಟುತ್ತದೆ ಎಂದುಕೊಂಡರೆ ಅವು ಎದುರಾಗುವುದಕ್ಕೆ ನಾಲ್ಕೂವರೆ ಸೆಕೆಂಡ್ ಮಾತ್ರ ಇರುತ್ತದೆ. ಇಎಸ್‌ಪಿ-ನೌನಲ್ಲಿ ಯಾರನ್ನೂ ಸೇರಬೇಕಿಲ್ಲ. ಒಂದೇ ಚಾನೆಲ್‌ನಲ್ಲಿರುವ ಎಲ್ಲರಿಗೂ ಕೇಳುವಂತೆ ಸುಮ್ನೆ ಕೂಗಿಬಿಡಬಹುದು. ನಿಜವಾದ 802.11ಪಿ ಕೂಡ ಹೀಗೇ ಯಾವ ಜಾಲಕ್ಕೂ ಸೇರದೆ ಮಾತಾಡುತ್ತದೆ. ಆ ಗುಣ ಒಂದೇ ಆಗಿರುವುದರಿಂದ ಇಲ್ಲಿ ಕಲಿತದ್ದು ಅಲ್ಲಿಗೂ ಬರುತ್ತದೆ.

ಸಾಮಾನು ಮತ್ತು ಜೋಡಣೆ

ಒಂದು ಗಾಡಿಗೆ ಒಂದು ಇಎಸ್‌ಪಿ32, ಒಂದು ನಿಯೋ-6ಎಂ ಜಿಪಿಎಸ್ ಮಾಡ್ಯೂಲ್, ಒಂದು ಪಿಸಿ817 ಆಪ್ಟೋಕಪ್ಲರ್ (ತಂತಿ ತಾಗಿಸದೆ ಬೆಳಕಿನಿಂದ ಸಂಕೇತ ದಾಟಿಸುವ ಚಿಪ್ಪು), ಬಜರ್, ಒಂದೆರಡು ರೆಸಿಸ್ಟರ್, ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿ. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದರೆ ಎಲ್ಲವೂ ಒಂದೇ ಸಾಲಿನ ಅಂಗಡಿಗಳಲ್ಲಿ ಸಿಗುತ್ತದೆ. ನಮ್ಮಂಥ ಊರಿನವರು ಆನ್‌ಲೈನ್ ತರಿಸಿಕೊಳ್ಳುತ್ತೇವೆ. ಇಎಸ್‌ಪಿ32 ಕೊಳ್ಳುವಾಗ ಹೊರಗಿನ ಆಂಟೆನಾ ಸಿಕ್ಕಿಸುವ ಸಣ್ಣ ಕನೆಕ್ಟರ್ ಇರುವ ‘32ಯು’ ಮಾದರಿ ಕೇಳಿ. 2.4 ಗಿಗಾಹರ್ಟ್ಸ್ ಅಲೆಯನ್ನು ಮನುಷ್ಯನ ಮೈ ಚೆನ್ನಾಗಿ ಹೀರುತ್ತದೆ. ಸೀಟಿನ ಕೆಳಗೆ ಡಬ್ಬಿ ಇಟ್ಟು ಮೇಲೆ ಇಬ್ಬರು ಕೂತರೆ ಸಂದೇಶ ಹೊರಗೆ ಹೋಗುವುದೇ ಕಷ್ಟ. ಆಂಟೆನಾ ಹ್ಯಾಂಡಲ್ ಎತ್ತರದಲ್ಲಿರಲಿ. ಜಿಪಿಎಸ್‌ನ ಚೌಕದ ಸೆರಾಮಿಕ್ ಆಂಟೆನಾ ಆಕಾಶ ನೋಡುತ್ತಿರಲಿ.

ಜಿಪಿಎಸ್‌ನ ಟಿಎಕ್ಸ್ ಮತ್ತು ಆರ್‌ಎಕ್ಸ್ ತಂತಿಗಳು ಇಎಸ್‌ಪಿ32ರ 16 ಮತ್ತು 17ನೇ ಪಿನ್ನಿಗೆ. ಎರಡೂ 3.3 ವೋಲ್ಟಿನವೇ, ನೇರವಾಗಿ ಕೊಡಬಹುದು. ಇನ್ನೊಂದು ತಂತಿ ಬೇಕು, ಅದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಜಿಪಿಎಸ್ ಚಿಪ್ಪು ಪ್ರತಿ ಸೆಕೆಂಡಿನ ಆರಂಭಕ್ಕೆ ಸರಿಯಾಗಿ ಒಂದು ಮಿಡಿತ ಕೊಡುತ್ತದೆ. ಅಗ್ಗದ ಮಾಡ್ಯೂಲಿನಲ್ಲಿ ಆ ಮಿಡಿತ ಹೊರಗಿನ ನಾಲ್ಕು ಪಿನ್ನುಗಳಲ್ಲಿ ಬರುವುದಿಲ್ಲ. ಬೋರ್ಡಿನ ಮೇಲೆ ಮಿಣುಕುವ ಸಣ್ಣ ಎಲ್‌ಇಡಿಯನ್ನು ಓಡಿಸುವುದು ಅದೇ. ಚಿಪ್ಪಿನ 3ನೇ ಪಿನ್ನಿನಿಂದ ಎಲ್‌ಇಡಿಗೆ ಹೋಗುವ ರೆಸಿಸ್ಟರ್ ಹುಡುಕಿ, ಅದರ ಚಿಪ್ಪಿನ ಕಡೆಯ ತುದಿಗೆ ತೆಳುವಾದ ತಂತಿ ಬೆಸೆಯಿರಿ. ಚೂಪು ತುದಿಯ ಐರನ್ ಇರಬೇಕು, ಕೈ ನಡುಗಬಾರದು. ಬೆಸೆದ ಮೇಲೆ ತಂತಿಗೆ ಒಂದು ಹನಿ ಹಾಟ್ ಗ್ಲೂ ಹಾಕಿ, ಗಾಡಿಯ ಕುಲುಕಾಟಕ್ಕೆ ಕಿತ್ತು ಬರುವುದಿಲ್ಲ.

ಬ್ರೇಕ್ ದೀಪದ ತಂತಿಯಲ್ಲಿ 12 ವೋಲ್ಟ್ ಇರುತ್ತದೆ, ಎಂಜಿನ್ ಓಡುವಾಗ 14ರ ಆಸುಪಾಸು. ಅದನ್ನು ಇಎಸ್‌ಪಿ32ಗೆ ನೇರ ಕೊಟ್ಟರೆ ಬೋರ್ಡ್ ಸುಟ್ಟುಹೋಗುತ್ತದೆ. 2.2 ಕಿಲೋಓಮ್ ರೆಸಿಸ್ಟರ್ ಮೂಲಕ ಆಪ್ಟೋಕಪ್ಲರಿನ ಒಳಗಿನ ಎಲ್‌ಇಡಿಗೆ ಕೊಡಿ. ಆ ಕಡೆಯ ಟ್ರಾನ್ಸಿಸ್ಟರನ್ನು 27ನೇ ಪಿನ್ನಿಗೆ ಸೇರಿಸಿ, ಒಳಗಿನ ಪುಲ್‌ಅಪ್ (ಸಂಕೇತ ಇಲ್ಲದಾಗ ಪಿನ್ನನ್ನು 3.3 ವೋಲ್ಟಿಗೆ ಎತ್ತಿ ಹಿಡಿಯುವ ರೆಸಿಸ್ಟರ್) ಆನ್ ಮಾಡಿ. 34ರಿಂದ 39ರವರೆಗಿನ ಪಿನ್ನುಗಳಿಗೆ ಪುಲ್‌ಅಪ್ ಇಲ್ಲ, ಅಲ್ಲಿಗೆ ಹೋಗಬೇಡಿ.

ಪವರಿಗೆ ಮೊದಲು ಪವರ್ ಬ್ಯಾಂಕ್ ಬಳಸಿ. ಗಾಡಿಯ ಬ್ಯಾಟರಿಯಿಂದಲೇ ತೆಗೆಯುವುದಾದರೆ ನಡುವೆ ಫ್ಯೂಸ್ ಮತ್ತು ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್ ಹಾಕಿ. ಬೋರ್ಡ್ ಸೇರಿಸುವ ಮುನ್ನ ಮಲ್ಟಿಮೀಟರ್ ಹಿಡಿದು 5 ವೋಲ್ಟಿಗೆ ತಿರುಗಿಸಿಟ್ಟುಕೊಳ್ಳಿ. ಸೆಲ್ಫ್ ಸ್ಟಾರ್ಟ್ ಒತ್ತಿದಾಗ ಬ್ಯಾಟರಿ ವೋಲ್ಟೇಜ್ ದಬಕ್ಕನೆ ಬೀಳುತ್ತದೆ, ಬೋರ್ಡ್ ರೀಸೆಟ್ ಆಗಬಹುದು. ಔಟ್‌ಪುಟ್ಟಿಗೆ ಒಂದು 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದರೆ ಒಳ್ಳೆಯದು.

ಜಿಪಿಎಸ್ ಸರಿ ಮಾಡಿಕೊಳ್ಳುವುದು

ನಿಯೋ-6ಎಂ ಅಂಗಡಿಯಿಂದ ಬರುವಾಗ ಸೆಕೆಂಡಿಗೆ ಒಂದು ಸಲ ಜಾಗ ಹೇಳುತ್ತದೆ. ಒಂದು ಸೆಕೆಂಡಿನಲ್ಲಿ 17 ಮೀಟರ್ ಹೋಗುವ ಗಾಡಿಗೆ ಇದು ಸಾಲದು. ಈ ಚಿಪ್ಪು ಸೆಕೆಂಡಿಗೆ 5 ಸಲದವರೆಗೆ ಹೇಳಬಲ್ಲದು. ಯು-ಬ್ಲಾಕ್ಸ್ ಕಂಪನಿಯ ಯು-ಸೆಂಟರ್ ಸಾಫ್ಟ್‌ವೇರಿನಲ್ಲಿ ಅಳತೆಯ ಅಂತರವನ್ನು 200 ಮಿಲಿಸೆಕೆಂಡ್ ಮಾಡಿ.

ಇಲ್ಲಿ ಒಂದು ಲೆಕ್ಕ ಅಡ್ಡ ಬರುತ್ತದೆ. ಮಾಡ್ಯೂಲಿನ ಸೀರಿಯಲ್ ವೇಗ ಸೆಕೆಂಡಿಗೆ 9600 ಬಿಟ್, ಒಂದು ಅಕ್ಷರಕ್ಕೆ 10 ಬಿಟ್. ಅಂದರೆ ಸೆಕೆಂಡಿಗೆ 960 ಅಕ್ಷರ. ಜಿಪಿಎಸ್ ಪ್ರತಿ ಸಲವೂ ಆರು ಬಗೆಯ ಸಾಲುಗಳನ್ನು ಕಳಿಸುತ್ತದೆ, ಒಟ್ಟು 400-500 ಅಕ್ಷರ. ಐದು ಸಲಕ್ಕೆ 2000 ದಾಟುತ್ತದೆ. 960ರ ಪೈಪಿನಲ್ಲಿ ಅದು ಹೋಗುವುದಿಲ್ಲ, ಸಾಲುಗಳು ತುಂಡಾಗುತ್ತವೆ. ಬೇಡದ ಸಾಲುಗಳನ್ನು ಆಫ್ ಮಾಡಿ ಆರ್‌ಎಂಸಿ (ಸಮಯ, ಜಾಗ, ವೇಗ, ದಿಕ್ಕು ಹೇಳುವ ಸಾಲು) ಮತ್ತು ಜಿಜಿಎ (ಜಾಗ ಎಷ್ಟು ನಂಬಬಹುದು ಎಂದು ಹೇಳುವ ಸಾಲು) ಮಾತ್ರ ಉಳಿಸಿದರೆ ಐದು ಸಲಕ್ಕೆ ಸುಮಾರು 725 ಅಕ್ಷರ, ಹೇಗೋ ಹಿಡಿಯುತ್ತದೆ. ಆದರೆ ಆ ಎರಡು ಸಾಲು ಬಂದು ಮುಟ್ಟುವುದಕ್ಕೇ 150 ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಗಾಡಿ ಎರಡೂವರೆ ಮೀಟರ್ ಮುಂದೆ ಹೋಗಿರುತ್ತದೆ. ಆದ್ದರಿಂದ ಸಾಲುಗಳನ್ನೂ ಕಡಿಮೆ ಮಾಡಿ, ವೇಗವನ್ನೂ 38400ಕ್ಕೆ ಏರಿಸಿ. ಆಗ 40 ಮಿಲಿಸೆಕೆಂಡ್ ಒಳಗೆ ಕೈಗೆ ಸಿಗುತ್ತದೆ.

ಈ ಸೆಟ್ಟಿಂಗುಗಳನ್ನು ಯು-ಸೆಂಟರಿನಲ್ಲಿ ಒಂದು ಸಲ ಮಾಡಿ ಮರೆತುಬಿಡಬೇಡಿ. ಮಾಡ್ಯೂಲಿನ ಬ್ಯಾಕಪ್ ಪವರ್ ಹೋದರೆ ಅವೂ ಹೋಗಬಹುದು. ಇಎಸ್‌ಪಿ32 ಆನ್ ಆದಾಗಲೆಲ್ಲ ಅದೇ ಆಜ್ಞೆಗಳನ್ನು ಮತ್ತೆ ಕಳಿಸುವಂತೆ ಕೋಡ್ ಬರೆಯಿರಿ. ಹಾಗೇ ಚಲನೆಯ ಮಾದರಿಯನ್ನು ‘ಪೋರ್ಟಬಲ್’ನಿಂದ ‘ಆಟೋಮೋಟಿವ್’ಗೆ ಬದಲಾಯಿಸಿ.

ಮೊದಲ ಸಲ ಆನ್ ಮಾಡಿದಾಗ ಬಯಲಿಗೆ ತನ್ನಿ. ಡೇಟಾಶೀಟಿನಲ್ಲಿ ಅರ್ಧ ನಿಮಿಷದೊಳಗೆ ಜಾಗ ಸಿಗುತ್ತದೆ ಎಂದು ಬರೆದಿದ್ದರೂ ಸಣ್ಣ ಆಂಟೆನಾಕ್ಕೆ ಕೆಲವು ನಿಮಿಷವಾದರೂ ಬೇಕು. ಎಲ್‌ಇಡಿ ಮಿಣುಕಲು ಶುರುವಾದರೆ ಸಿಕ್ಕಿತು ಅಂತ. ಲ್ಯಾಬಿನ ಕಿಟಕಿ ಪಕ್ಕ ಇಟ್ಟುಕೊಂಡು ಬೈಯುತ್ತಾ ಕೂರಬೇಡಿ.

ಸಂದೇಶದ ಒಳಗೆ ಏನಿರಬೇಕು

ಅಮೆರಿಕದ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ ರೂಪಿಸಿದ ಜೆ2735 ಎಂಬ ಮಾನದಂಡದಲ್ಲಿ ಮೂಲ ಸುರಕ್ಷಾ ಸಂದೇಶ ಅಂತ ಒಂದಿದೆ. ನಾವು ಅದರ ಬೆನ್ನೆಲುಬನ್ನಷ್ಟೇ ತೆಗೆದುಕೊಳ್ಳೋಣ: ತಾತ್ಕಾಲಿಕ ಗುರುತು 4 ಬೈಟ್, ಎಣಿಕೆ 1, ಸಮಯ 4, ಅಕ್ಷಾಂಶ 4, ರೇಖಾಂಶ 4, ವೇಗ 2, ದಿಕ್ಕು 2, ಬ್ರೇಕಿನ ಸ್ಥಿತಿ 1. ಎಲ್ಲ ಸೇರಿ 22 ಬೈಟ್. ಇಎಸ್‌ಪಿ-ನೌ ಒಂದು ಸಲಕ್ಕೆ 250 ಬೈಟ್ ಆದರೂ ಹೊರುತ್ತದೆ, ಜಾಗ ಬೇಕಾದಷ್ಟಿದೆ.

ಅಕ್ಷಾಂಶ ರೇಖಾಂಶಗಳನ್ನು ಫ್ಲೋಟ್‌ನಲ್ಲಿ (ಕೋಡಿನಲ್ಲಿ ದಶಮಾಂಶ ಸಂಖ್ಯೆ ಇಡುವ ಬಗೆ) ಇಡಬೇಡಿ. 32 ಬಿಟ್ ಫ್ಲೋಟಿನಲ್ಲಿ 24 ಬಿಟ್ಟಿನಷ್ಟು ಮಾತ್ರ ಅಂಕಿ ಹಿಡಿಯುತ್ತದೆ. ನಮ್ಮ ಕಡೆಯ ರೇಖಾಂಶ 75, 76, 77. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಫ್ಲೋಟಿನ ಒಂದು ಹೆಜ್ಜೆ ನೆಲದ ಮೇಲೆ 80 ಸೆಂಟಿಮೀಟರಿಗೂ ಸ್ವಲ್ಪ ಜಾಸ್ತಿ. ಸ್ಕೂಟರ್ ಪೂರ್ವಕ್ಕೆ ಹೋಗುವಾಗ ಜಾಗ ಜಿಗಿಜಿಗಿದು ಕಾಣುತ್ತದೆ, ಕಾರಣ ಹುಡುಕುತ್ತಾ ವಾರ ಕಳೆಯುತ್ತದೆ. ಡಿಗ್ರಿಯನ್ನು ಒಂದು ಕೋಟಿಯಿಂದ ಗುಣಿಸಿ ಪೂರ್ಣಾಂಕ ಮಾಡಿ ಕಳಿಸಿ. ಆಗ ಹೆಜ್ಜೆ 1 ಸೆಂಟಿಮೀಟರ್ ಆಸುಪಾಸು. ಜೆ2735 ಕೂಡ ಹೀಗೇ ಮಾಡುತ್ತದೆ.

ಎಣಿಕೆ ಅಂದರೆ 0ಯಿಂದ 127ರವರೆಗೆ ಏರಿ ಮತ್ತೆ 0ಗೆ ಬರುವ ಸಂಖ್ಯೆ. 41 ಆದ ಮೇಲೆ 44 ಬಂದರೆ ಮಧ್ಯೆ ಎರಡು ಕಳೆದುಹೋದವು ಎಂದು ಗೊತ್ತಾಗುತ್ತದೆ. ಕೂಗಿ ಹೇಳುವ ಸಂದೇಶಕ್ಕೆ ‘ತಲುಪಿತು’ ಎಂಬ ಉತ್ತರ ಬರುವುದಿಲ್ಲ. ಕಳೆದುಹೋದದ್ದನ್ನು ತಿಳಿಯಲು ಇದೊಂದೇ ದಾರಿ.

ಸಮಯಕ್ಕೆ ಬರೋಣ. ಬಂದ ಸಂದೇಶ ಎಷ್ಟು ಹಳೆಯದು ಎಂದು ಗೊತ್ತಿಲ್ಲದಿದ್ದರೆ ಅದರಿಂದ ಪ್ರಯೋಜನವಿಲ್ಲ. ಎರಡು ಬೋರ್ಡುಗಳ ಒಳಗಡಿಯಾರಗಳು ಬೇರೆ ಬೇರೆ. ಆದರೆ ಎರಡಕ್ಕೂ ಒಂದೇ ಜಿಪಿಎಸ್ ಸಮಯ ಸಿಗುತ್ತದೆ. ಆರ್‌ಎಂಸಿ ಸಾಲಿನಿಂದ ಸೆಕೆಂಡ್ ತಿಳಿಯುತ್ತದೆ. ನೀವು ಬೆಸೆದ ತಂತಿಯ ಮಿಡಿತದಿಂದ ಆ ಸೆಕೆಂಡ್ ಯಾವಾಗ ಶುರುವಾಯಿತು ಎಂದು ತಿಳಿಯುತ್ತದೆ. ಮಿಡಿತ ಬಂದಾಗ ಇಂಟರಪ್ಟ್‌ನಲ್ಲಿ (ಬೇರೆ ಕೆಲಸ ನಿಲ್ಲಿಸಿ ತಕ್ಷಣ ಓಡುವ ಕೋಡಿನಲ್ಲಿ) ಮೈಕ್ರೋಸೆಕೆಂಡ್ ಗುರುತು ಹಾಕಿಕೊಳ್ಳಿ. ಆಮೇಲೆ ಕಳೆದ ಸಮಯವನ್ನು ಅದಕ್ಕೆ ಕೂಡಿಸಿದರೆ ಮಿಲಿಸೆಕೆಂಡ್ ಮಟ್ಟದ ಗಡಿಯಾರ ಸಿಕ್ಕಿತು. ನೆನಪಿಡಿ, ಮಿಡಿತ ಮೊದಲು ಬರುತ್ತದೆ, ಅದರ ಸೆಕೆಂಡ್ ಯಾವುದೆಂದು ಹೇಳುವ ಸಾಲು ಆಮೇಲೆ ಬರುತ್ತದೆ.

ವಾಹನದ ನೋಂದಣಿ ಸಂಖ್ಯೆಯನ್ನು ಗುರುತಾಗಿ ಹಾಕಲೇಬೇಡಿ. ದಯವಿಟ್ಟು. ‘ಸರ್, ನಂಬರ್ ಪ್ಲೇಟ್ ಹೇಗೂ ಎಲ್ಲರಿಗೂ ಕಾಣುತ್ತಲ್ಲ’ ಅನ್ನುತ್ತಾರೆ ಹುಡುಗರು. ಪ್ಲೇಟ್ ನೋಡಲು ಎದುರಿಗೆ ನಿಂತಿರಬೇಕು. ರೇಡಿಯೋ ಕೇಳಲು ಮನೆಯ ಮಹಡಿ ಮೇಲೆ ಒಂದು ಬೋರ್ಡ್ ಇಟ್ಟರೆ ಸಾಕು, ಆ ಬೀದಿಯಲ್ಲಿ ಯಾರು ಎಷ್ಟು ಹೊತ್ತಿಗೆ ಬಂದರು ಹೋದರು ಎಲ್ಲ ಬರೆದುಕೊಳ್ಳುತ್ತದೆ. ಆನ್ ಆದಾಗಲೆಲ್ಲ ಯಾದೃಚ್ಛಿಕವಾಗಿ ಹೊಸ ಗುರುತು ಹುಟ್ಟಿಸಿ. ನಿಜವಾದ ವ್ಯವಸ್ಥೆಗಳಲ್ಲಿ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಇರುತ್ತದೆ, ಸಹಿಯ ಪ್ರಮಾಣಪತ್ರವೂ ಆಗಾಗ ಬದಲಾಗುತ್ತದೆ. ನಮ್ಮ ಡಬ್ಬಿಯಲ್ಲಿ ಸಹಿ ಇಲ್ಲ, ಇಎಸ್‌ಪಿ-ನೌನ ಗೂಢಲಿಪಿ ಎಲ್ಲರಿಗೂ ಕೂಗುವ ಸಂದೇಶಕ್ಕೆ ಅನ್ವಯಿಸುವುದೂ ಇಲ್ಲ. ಯಾರು ಬೇಕಾದರೂ ಸುಳ್ಳು ಬ್ರೇಕ್ ಸಂದೇಶ ಬಿಡಬಹುದು. ಇದು ಕಲಿಯುವ ಸಾಧನವೇ ಹೊರತು ಜೀವ ನಂಬಿ ಓಡಿಸುವ ಸಾಧನವಲ್ಲ ಎನ್ನುವುದಕ್ಕೆ ಅದೊಂದೇ ಕಾರಣ ಸಾಕು.

ಯಾವಾಗ ಕಳಿಸಬೇಕು

ಜಾಗ ಬಂದಾಗಲೆಲ್ಲ, ಅಂದರೆ ಸೆಕೆಂಡಿಗೆ 5 ಸಲ. ಜೋರು ಬ್ರೇಕ್ ಅಂತ ಖಾತ್ರಿಯಾದ ಕೂಡಲೇ ಇನ್ನೊಂದು, ಅದು ಕಾಯುವುದು ಬೇಡ.

ಒಂದು ಸೂಕ್ಷ್ಮ ಇದೆ. ಜಿಪಿಎಸ್‌ಗಳೆಲ್ಲ ಒಂದೇ ಗಡಿಯಾರಕ್ಕೆ ಕಟ್ಟಿಕೊಂಡಿವೆ. ಎಲ್ಲ ಗಾಡಿಗಳಿಗೂ ಒಂದೇ ಕ್ಷಣದಲ್ಲಿ ಜಾಗ ಬರುತ್ತದೆ, ಎಲ್ಲ ಬೋರ್ಡುಗಳೂ ಒಂದೇ ಕ್ಷಣದಲ್ಲಿ ಬಾಯಿ ಬಿಡುತ್ತವೆ. ಸಂದೇಶಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಎರಡೂ ಹಾಳು. ಮತ್ತೆ ಕಳಿಸುವ ಏರ್ಪಾಡಿಲ್ಲ. ಎರಡು ಡಬ್ಬಿ ಇದ್ದಾಗ ಇದು ಗೊತ್ತೇ ಆಗುವುದಿಲ್ಲ, ಆರೇಳು ಡಬ್ಬಿ ಸೇರಿದಾಗ ಕಾಣುತ್ತದೆ. ಕಳಿಸುವ ಮುನ್ನ 0ಯಿಂದ 20 ಮಿಲಿಸೆಕೆಂಡ್‌ವರೆಗೆ ಯಾವುದಾದರೊಂದು ಯಾದೃಚ್ಛಿಕ ವಿಳಂಬ ಇಡಿ.

ಗಾಡಿಗಳು ಜಾಸ್ತಿಯಾದರೆ? ಇಎಸ್‌ಪಿ-ನೌ ಸಾಮಾನ್ಯವಾಗಿ 1 ಮೆಗಾಬಿಟ್ ವೇಗದಲ್ಲಿ ಮಾತಾಡುತ್ತದೆ. ನಮ್ಮ ಸಣ್ಣ ಸಂದೇಶ ತಲೆಬರಹ ಎಲ್ಲ ಸೇರಿ ಗಾಳಿಯಲ್ಲಿ ಸುಮಾರು 0.9 ಮಿಲಿಸೆಕೆಂಡ್ ಹಿಡಿಯುತ್ತದೆ. 100 ಗಾಡಿ, ಸೆಕೆಂಡಿಗೆ 5 ಸಲ ಅಂದರೆ 450 ಮಿಲಿಸೆಕೆಂಡ್. ಅರ್ಧ ಚಾನೆಲ್ ಮುಗಿಯಿತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ರೇಡಿಯೋ ಮುಟ್ಟುವಷ್ಟರಲ್ಲಿ 100 ಗಾಡಿ ಏನು ಲೆಕ್ಕ! ಯುರೋಪಿನ ಮಾನದಂಡ ಇದಕ್ಕೆ ಒಳ್ಳೆಯ ಉಪಾಯ ಮಾಡಿದೆ. 4 ಮೀಟರಿಗಿಂತ ಜಾಸ್ತಿ ಜರುಗಿದರೆ, ಅಥವಾ ದಿಕ್ಕು 4 ಡಿಗ್ರಿಗಿಂತ ಜಾಸ್ತಿ ತಿರುಗಿದರೆ, ಅಥವಾ ವೇಗ ಸೆಕೆಂಡಿಗೆ ಅರ್ಧ ಮೀಟರಿಗಿಂತ ಜಾಸ್ತಿ ಬದಲಾದರೆ ಮಾತ್ರ ಹೊಸ ಸಂದೇಶ. ಏನೂ ಬದಲಾಗದಿದ್ದರೆ ಸೆಕೆಂಡಿಗೆ ಒಂದೇ. ಸಿಗ್ನಲ್ಲಿನಲ್ಲಿ ನಿಂತ ಗಾಡಿಗಳು ಹೆಚ್ಚು ಮಾತಾಡದೆ ಓಡುವ ಗಾಡಿಗಳಿಗೆ ಜಾಗ ಬಿಡುತ್ತವೆ. ಇದನ್ನು ಕೋಡಿನಲ್ಲಿ ಹಾಕಲು ಹತ್ತು ಸಾಲು ಸಾಕು, ಖಂಡಿತ ಹಾಕಿ.

ಯಾವುದು ಜೋರು ಬ್ರೇಕು?

ಬ್ರೇಕ್ ದೀಪ ಹತ್ತಿದ್ದೆಲ್ಲ ಅಪಾಯವಲ್ಲ. ನಮ್ಮ ಊರುಗಳಲ್ಲಿ ಹಂಪ್ಸ್ ಕಂಡಲ್ಲೆಲ್ಲ ಬ್ರೇಕು. ಎಸ್‌ಎಇ ಲೆಕ್ಕದಲ್ಲಿ ವೇಗ ಇಳಿಯುವ ದರ 0.4 ಜಿ (ಜಿ ಅಂದರೆ ಗುರುತ್ವದಿಂದ ಬೀಳುವ ವಸ್ತುವಿನ ವೇಗ ಏರುವ ದರ) ದಾಟಿದರೆ ಜೋರು ಬ್ರೇಕು. ಸೆಕೆಂಡಿಗೆ 4 ಮೀಟರ್‌ನಷ್ಟು ವೇಗ ಇಳಿಯುವುದು ಎಂದಿಟ್ಟುಕೊಳ್ಳಿ. 60ರಲ್ಲಿ ಓಡುವ ಗಾಡಿ ಆ ದರದಲ್ಲಿ ನಿಲ್ಲಲು ಸುಮಾರು 35 ಮೀಟರ್ ಬೇಕು.

ಇದಕ್ಕೆ ಎಂಪಿಯು6050 ಚಲನೆ ಸೆನ್ಸರ್ ಹಾಕೋಣ ಎನ್ನುವುದು ಎಲ್ಲರ ಮೊದಲ ಯೋಚನೆ. ನಾನು ಬೇಡ ಅನ್ನುತ್ತೇನೆ. ಸ್ಕೂಟರ್ ಬ್ರೇಕ್ ಹಾಕಿದಾಗ ಮೂತಿ ಬಗ್ಗುತ್ತದೆ, ಗುರುತ್ವಾಕರ್ಷಣೆಯ ಒಂದು ಪಾಲು ಮುಂದಿನ ದಿಕ್ಕಿಗೆ ಸೇರಿಕೊಳ್ಳುತ್ತದೆ. ಇಳಿಜಾರಿನಲ್ಲೂ ಹಾಗೇ. ಹಂಪ್ಸ್ ಹಾರಿದಾಗ ಬರುವ ಅಂಕಿಗಳಿಗಂತೂ ತಲೆಬುಡ ಇರುವುದಿಲ್ಲ. ಜಿಪಿಎಸ್ ಜಾಗದಲ್ಲಿ ಎರಡೂವರೆ ಮೀಟರ್ ತಪ್ಪಿದರೂ ವೇಗವನ್ನು ಬಹಳ ಚೆನ್ನಾಗಿ ಹೇಳುತ್ತದೆ, ಡೇಟಾಶೀಟಿನ ಪ್ರಕಾರ ಸೆಕೆಂಡಿಗೆ 0.1 ಮೀಟರ್ ಮಟ್ಟಕ್ಕೆ. ಸತತ ಮೂರು ಅಳತೆಗಳ ನಡುವೆ, ಅಂದರೆ 0.4 ಸೆಕೆಂಡಿನಲ್ಲಿ, ವೇಗ ಗಂಟೆಗೆ 6 ಕಿ.ಮೀ.ಯಷ್ಟು ಇಳಿದಿದ್ದರೆ ಜೋರು ಬ್ರೇಕು. ಬ್ರೇಕ್ ದೀಪವೂ ಹತ್ತಿರಬೇಕು, ವೇಗವೂ ಇಳಿದಿರಬೇಕು. ಎರಡೂ ಸೇರಿದರೆ ಮಾತ್ರ ಸಂದೇಶದ ಬ್ರೇಕಿನ ಸ್ಥಿತಿಯಲ್ಲಿ ‘ಜೋರು ಬ್ರೇಕು’ ಎಂಬ ಧ್ವಜ ಎತ್ತಿ. ಅರ್ಧ ಸೆಕೆಂಡ್ ತಡವಾಗುತ್ತದೆ, ನಿಜ. ಆ ತಡವನ್ನು ನಾನು ಒಪ್ಪಿಕೊಳ್ಳುತ್ತೇನೆ, ಸುಳ್ಳು ಕೂಗನ್ನು ಒಪ್ಪುವುದಿಲ್ಲ.

ಸುಮ್ಮನಿರುವುದು

ಈಗ ಕೇಳುವ ಡಬ್ಬಿಯ ಕೆಲಸ. ಸಂದೇಶ ಬಂತು. ಮೊದಲು ವಯಸ್ಸು ನೋಡಿ: 300 ಮಿಲಿಸೆಕೆಂಡಿಗಿಂತ ಹಳೆಯದಾದರೆ ಎಸೆಯಿರಿ. ಆಮೇಲೆ ದಿಕ್ಕು: ಅವರದ್ದಕ್ಕೂ ನಮ್ಮದ್ದಕ್ಕೂ 30 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅವರು ಎದುರು ಬರುವವರು ಅಥವಾ ಅಡ್ಡ ಹೋಗುವವರು. 359 ಡಿಗ್ರಿಗೂ 1 ಡಿಗ್ರಿಗೂ ಅಂತರ 2 ಮಾತ್ರ, 358 ಅಲ್ಲ. ಕಳೆದ ಮೇಲೆ 180ರ ಒಳಗೆ ತಂದುಕೊಳ್ಳಿ. ಗಂಟೆಗೆ 5 ಕಿ.ಮೀ.ಗಿಂತ ನಿಧಾನ ಇದ್ದಾಗ ಜಿಪಿಎಸ್ ದಿಕ್ಕನ್ನು ನಂಬಬೇಡಿ, ಕೊನೆಯ ಒಳ್ಳೆಯ ದಿಕ್ಕನ್ನೇ ಹಿಡಿದಿಟ್ಟುಕೊಳ್ಳಿ.

ಆಮೇಲೆ ಅವರು ನಮ್ಮ ಮುಂದೆ ಇದ್ದಾರಾ? ಅಕ್ಷಾಂಶದ ವ್ಯತ್ಯಾಸದಿಂದ ಉತ್ತರಕ್ಕೆ ಎಷ್ಟು ಮೀಟರ್, ರೇಖಾಂಶದ ವ್ಯತ್ಯಾಸದಿಂದ ಪೂರ್ವಕ್ಕೆ ಎಷ್ಟು ಮೀಟರ್ ಎಂದು ತೆಗೆಯಿರಿ. ದಾವಣಗೆರೆಯ ಹತ್ತಿರ ಒಂದು ಡಿಗ್ರಿ ಅಕ್ಷಾಂಶ ಸುಮಾರು 111 ಕಿ.ಮೀ., ಒಂದು ಡಿಗ್ರಿ ರೇಖಾಂಶ ಸುಮಾರು 108. ಉತ್ತರದ ದೂರವನ್ನು ನಮ್ಮ ದಿಕ್ಕಿನ ಕೊಸೈನ್‌ನಿಂದ, ಪೂರ್ವದ ದೂರವನ್ನು ಸೈನ್‌ನಿಂದ ಗುಣಿಸಿ ಕೂಡಿಸಿದರೆ ಮುಂದಿನ ದೂರ. ಪೂರ್ವದ್ದನ್ನು ಕೊಸೈನ್‌ನಿಂದ ಗುಣಿಸಿ, ಅದರಲ್ಲಿ ಉತ್ತರದ್ದನ್ನು ಸೈನ್‌ನಿಂದ ಗುಣಿಸಿ ಕಳೆದರೆ ಪಕ್ಕದ ದೂರ. ಉದಾಹರಣೆಗೆ ನಾವು ನೇರ ಉತ್ತರಕ್ಕೆ ಹೋಗುತ್ತಿದ್ದೇವೆ. ಇನ್ನೊಬ್ಬರು ಅಕ್ಷಾಂಶದಲ್ಲಿ 0.0003, ರೇಖಾಂಶದಲ್ಲಿ 0.0001 ಡಿಗ್ರಿ ಆಚೆ ಇದ್ದಾರೆ. ಮುಂದೆ 33 ಮೀಟರ್, ಬಲಕ್ಕೆ 11 ಮೀಟರ್. ಹೆದ್ದಾರಿ 48ರಲ್ಲಿ ಅದು ನಮ್ಮ ಲೇನ್ ಅಲ್ಲ. ಎಸೆಯಿರಿ. ಪಕ್ಕದ ದೂರ 6 ಮೀಟರ್ ಒಳಗಿದ್ದರೆ ಇಟ್ಟುಕೊಳ್ಳಿ. ಎರಡು ಜಿಪಿಎಸ್‌ಗಳ ತಪ್ಪು ಸೇರಿದಾಗ ಅದಕ್ಕಿಂತ ಬಿಗಿ ಮಾಡಲು ಆಗುವುದಿಲ್ಲ. ಈ ಚಿಪ್ಪಿನಿಂದ ಲೇನ್ ಗುರುತಿಸುತ್ತೇವೆ ಎಂದು ರಿಪೋರ್ಟಿನಲ್ಲಿ ಬರೆಯಲೇಬೇಡಿ.

ತಿರುವಿನಲ್ಲಿ ಈ ಲೆಕ್ಕ ಕೈಕೊಡುತ್ತದೆ. ಮುಂದಿನ ಗಾಡಿ ತಿರುವಿನಲ್ಲಿ ಬಲಕ್ಕೆ ಹೋಗಿರುತ್ತದೆ, ನಾವಿನ್ನೂ ನೇರ ನೋಡುತ್ತಿರುತ್ತೇವೆ. ಜೆ2735ರಲ್ಲಿ ಇದಕ್ಕೊಂದು ಚಂದದ ಪರಿಹಾರವಿದೆ, ನಡೆದ ದಾರಿಯ ಬಿಂದುಗಳನ್ನೂ ಸಂದೇಶದಲ್ಲಿ ಕಳಿಸುವುದು. ನೀವೂ ಹಿಂದಿನ ಐದು ಜಾಗಗಳನ್ನು ಸೇರಿಸಿ. ಈಗಿನ ಜಾಗದಿಂದ ಎಷ್ಟು ದೂರ ಎಂದು ಮಾತ್ರ ಹೇಳಿದರೆ ಬಿಂದುವಿಗೆ 4 ಬೈಟ್, ಐದಕ್ಕೆ 20. ಬಿಂದುಗಳ ನಡುವೆ ಹದಿನೈದಿಪ್ಪತ್ತು ಮೀಟರ್ ಬಿಡಿ. ಕೇಳುವವರು ‘ಅವರು ನನ್ನ ಮುಂದಿದ್ದಾರಾ’ ಎಂದು ಕೇಳುವ ಬದಲು ‘ನಾನು ಅವರು ಬಂದ ದಾರಿಯ ಮೇಲೆ ಇದ್ದೇನಾ’ ಎಂದು ಕೇಳಬೇಕು. ಆ ಬಿಂದುಗಳನ್ನು ಸೇರಿಸುವ ಗೆರೆಗೆ ನಮ್ಮ ಜಾಗ 6 ಮೀಟರ್ ಒಳಗಿದ್ದರೆ ಹೌದು. ತಿರುವೂ ಪರಿಹಾರ, ದೂರದ ಸರ್ವಿಸ್ ರೋಡೂ ಪರಿಹಾರ. ನನಗೆ ಈ ಇಡೀ ಪ್ರಾಜೆಕ್ಟಿನಲ್ಲಿ ತುಂಬ ಖುಷಿ ಕೊಡುವ ಭಾಗ ಇದು.

ಮೇಲ್ಸೇತುವೆ ಮಾತ್ರ ಉಳಿಯುತ್ತದೆ. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಸುಮಾರು 10 ಕಿ.ಮೀ. ಎತ್ತರದ ರಸ್ತೆ ಇದೆಯಲ್ಲ, ಅದರ ಕೆಳಗೇ ಹೊಸೂರು ರಸ್ತೆ. ಮೇಲಿನವರು ಬ್ರೇಕ್ ಹಾಕಿದರೆ ಕೆಳಗಿನವರಿಗೆ ಅದೇ ಅಕ್ಷಾಂಶ, ಅದೇ ರೇಖಾಂಶ, ಅದೇ ದಿಕ್ಕು. ಜಿಪಿಎಸ್ ಹೇಳುವ ಎತ್ತರವನ್ನು ನಂಬಿ ಬೇರೆ ಮಾಡಲು ಆಗುವುದಿಲ್ಲ. ಮೇಲ್ಸೇತುವೆ ಇರುವ ಜಾಗವನ್ನು ಈ ಡಬ್ಬಿಯ ಮಿತಿ ಎಂದು ನೇರವಾಗಿ ಬರೆದುಬಿಡಿ.

ಇಷ್ಟೆಲ್ಲ ಜರಡಿ ದಾಟಿದ ಸಂದೇಶದಲ್ಲಿ ಜೋರು ಬ್ರೇಕಿನ ಧ್ವಜ ಇದ್ದರೆ, ಮುಂದಿನ ದೂರವನ್ನು ನಮ್ಮ ವೇಗದಿಂದ ಭಾಗಿಸಿ. 4 ಸೆಕೆಂಡಿಗಿಂತ ಕಡಿಮೆ ಬಂದರೆ ಬಜರ್ ಒಂದು ಸಲ ಚಿಕ್ಕದಾಗಿ ಕೂಗಲಿ. ಒಂದೇ ಸಲ. ಅದೇ ಗಾಡಿಯ ಅದೇ ಬ್ರೇಕಿಗೆ ಮತ್ತೆ ಕೂಗಬಾರದು.

ಪರೀಕ್ಷೆ

ಸಾರ್ವಜನಿಕ ರಸ್ತೆಯಲ್ಲಿ ಪರೀಕ್ಷೆಗಾಗಿ ಸಡನ್ ಬ್ರೇಕ್ ಹಾಕಬೇಡಿ. ಕಾಲೇಜಿನ ಒಳರಸ್ತೆ ಅಥವಾ ಮೈದಾನ, ಅನುಮತಿ ಪಡೆದು, ಹೆಲ್ಮೆಟ್ ಹಾಕಿ. ಓಡಿಸುವವರು ಡಬ್ಬಿ ನೋಡಬಾರದು, ಹಿಂದೆ ಕೂತವರು ಲ್ಯಾಪ್‌ಟಾಪ್ ಹಿಡಿದಿರಲಿ.

ಮೊದಲು ಸೈಕಲ್ ಮೇಲೆ. ಬಜರ್ ತೆಗೆದಿಟ್ಟು ಬರೀ ದಾಖಲೆ ಮಾಡಿ. ಬಂದ ಪ್ರತಿ ಸಂದೇಶಕ್ಕೂ ಒಂದು ಸಾಲು: ಎಣಿಕೆ, ವಯಸ್ಸು, ಮುಂದಿನ ದೂರ, ಪಕ್ಕದ ದೂರ, ಇಟ್ಟುಕೊಂಡೆವಾ ಎಸೆದೆವಾ, ಎಸೆದಿದ್ದರೆ ಯಾವ ಕಾರಣಕ್ಕೆ. ಕೊನೆಯ ಆ ಕಾಲಂ ಬಹಳ ಮುಖ್ಯ. ವೈವಾದಲ್ಲಿ ಬಂದವರು ಕೇಳುವುದು ‘ಎಷ್ಟು ದೂರ ಹೋಗುತ್ತೆ’ ಅಂತ. ನೀವು ಆ ಕಾಲಂ ತೆಗೆದು ತೋರಿಸಿ.

ಚಾನೆಲ್ ಆರಿಸುವಾಗ ಕ್ಯಾಂಪಸ್ ವೈಫೈ ಯಾವುದರಲ್ಲಿದೆ ಎಂದು ಫೋನಿನ ಆ್ಯಪಿನಲ್ಲಿ ನೋಡಿಕೊಳ್ಳಿ. 1, 6, 11ರಲ್ಲಿ ಖಾಲಿ ಇರುವುದನ್ನು ಹಿಡಿಯಿರಿ. ಕಟ್ಟಡದ ಮೂಲೆಯ ಎರಡು ಬದಿಗೆ ಎರಡು ಸೈಕಲ್ ನಿಲ್ಲಿಸಿ ಎಣಿಕೆಯಲ್ಲಿ ಎಷ್ಟು ಜಿಗಿತ ಬರುತ್ತದೆ ನೋಡಿ. ಬಯಲಿನಲ್ಲಿ ಒಂದೂ ತಪ್ಪದ್ದು ಇಲ್ಲಿ ಸಾಲುಸಾಲಾಗಿ ತಪ್ಪುತ್ತದೆ. ಗೋಡೆಯ ಆಚೆಯಿಂದ ಬರುವವರ ಬಗ್ಗೆ ಈ ರೇಡಿಯೋ ಹೆಚ್ಚು ಹೇಳಲಾರದು ಎಂದು ಆಗ ಅರ್ಥವಾಗುತ್ತದೆ.

ಸೈಕಲ್ ಅಷ್ಟು ವೇಗ ಹೋಗುವುದಿಲ್ಲವಾದ್ದರಿಂದ ಆ ಹಂತದಲ್ಲಿ ಜೋರು ಬ್ರೇಕಿನ ಮಿತಿಯನ್ನು ಇಳಿಸಿಕೊಳ್ಳಿ, ಸ್ಕೂಟರಿಗೆ ಬಂದಾಗ ಮರೆಯದೆ ಮತ್ತೆ ಏರಿಸಿ. ಸ್ಕೂಟರಿನಲ್ಲಿ 30 ಕಿ.ಮೀ. ವೇಗ ಸಾಕು. ಎರಡು ಸ್ಕೂಟರ್ ನಡುವೆ ಕಾಲೇಜಿನ ಬಸ್ಸು ನಿಧಾನವಾಗಿ ಓಡಲಿ, ಡ್ರೈವರ್ ಅಣ್ಣನಿಗೆ ಮೊದಲೇ ಎಲ್ಲ ವಿವರಿಸಿ. ಮುಂದಿನ ಸ್ಕೂಟರ್ ನಿಮಗೆ ಕಾಣಬಾರದು. ಅದು ಬ್ರೇಕ್ ಹಾಕಿದ ಸಮಯ, ಬಸ್ಸಿನ ದೀಪ ಹತ್ತಿದ ಸಮಯ, ನಿಮ್ಮ ಬಜರ್ ಕೂಗಿದ ಸಮಯ, ಮೂರನ್ನೂ ಬರೆದುಕೊಳ್ಳಿ. ಬಸ್ಸಿನ ದೀಪಕ್ಕಾಗಿ ಹಿಂದಿನ ಸ್ಕೂಟರಿನಿಂದ ಫೋನಿನಲ್ಲಿ ವಿಡಿಯೋ ಮಾಡಿ. ಬಜರಿನ ಸದ್ದೂ ಅದೇ ವಿಡಿಯೋದಲ್ಲಿ ಸೇರುವುದರಿಂದ ಎರಡರ ಅಂತರ ಫ್ರೇಮ್ ಎಣಿಸಿ ತೆಗೆಯಬಹುದು.